ಲಾವಾದ ವರ್ಷಗಳ ಮೇಲೆ ಸೈಕಲ್: ಎಟ್ನಾದಿಂದ ಸಿಸಿಲಿಯ ದಕ್ಷಿಣ ತುದಿಯವರೆಗೆ

ಶನಿವಾರ: ಕಟಾನಿಯಾ

ಇಟಲಿಯ ಸಿಸಿಲಿ ದ್ವೀಪದ ಕಟಾನಿಯಾ ಕಪ್ಪು ಊರು. ಗೋಡೆ ಕಪ್ಪು, ಮೆಟ್ಟಿಲು ಕಪ್ಪು, ಬೀದಿಗೆ ಹಾಸಿದ ಚಪ್ಪಡಿಯೂ ಕಪ್ಪು. ಎಲ್ಲವೂ ಎಟ್ನಾ ಜ್ವಾಲಾಮುಖಿ ಉಗುಳಿದ ಕಲ್ಲು. ದೊಡ್ಡ ಚರ್ಚಿನ ಮುಂದಿನ ಚೌಕದಲ್ಲಿ ಒಂದು ಆನೆ ನಿಂತಿದೆ. ಅದೂ ಲಾವಾ ಕಲ್ಲಿನದೇ. ಬೆನ್ನ ಮೇಲೆ ಉದ್ದನೆಯ ಕಲ್ಲುಕಂಬ ಹೊತ್ತಿದೆ. ಊರಿನವರು ಪ್ರೀತಿಯಿಂದ ಅದನ್ನು ಲಿಯೋತ್ರು ಅನ್ನುತ್ತಾರೆ.

ನಾನು ಬೆಂಗಳೂರಿನಿಂದ ಬಂದೆ, ಭಾವ ಸ್ಟುಟ್‌ಗಾರ್ಟ್‌ನಿಂದ ಬಂದರು. ಸೈಕಲ್ ಇಲ್ಲೇ ಬಾಡಿಗೆಗೆ ತೆಗೆದುಕೊಂಡೆವು. ಮುಂದೆ ಚಿಕ್ಕ ಚೈನ್‌ರಿಂಗ್ (ಪೆಡಲಿನ ಹಲ್ಲುಚಕ್ರ) 34 ಹಲ್ಲು, ಹಿಂದೆ ದೊಡ್ಡ ಕಾಗ್ (ಹಿಂದಿನ ಗಾಲಿಯ ಹಲ್ಲುಚಕ್ರ) 32 ಹಲ್ಲು, 28 ಮಿಲಿಮೀಟರ್ ಟೈರು, ಡಿಸ್ಕ್ ಬ್ರೇಕು. ಎಟ್ನಾಕ್ಕೆ ಇದಕ್ಕಿಂತ ಗಟ್ಟಿ ಗೇರು ಬೇಡ. ಅಂಗಡಿಯ ಮೆಕ್ಯಾನಿಕ್ ಸೀಟು ಸರಿ ಮಾಡುತ್ತಾ ಒಂದೇ ಮಾತು ಹೇಳಿದ. ರಸ್ತೆಯಲ್ಲಿ ಕಪ್ಪು ಮರಳು ಕಂಡರೆ ಬ್ರೇಕನ್ನು ತಿರುವಿಗೆ ಮುಂಚೆ ಹಿಡಿಯಿರಿ, ತಿರುವಿನ ಒಳಗೆ ಮುಟ್ಟಬೇಡಿ. ಅದು ಮರಳಲ್ಲ, ಜ್ವಾಲಾಮುಖಿಯ ಬೂದಿ. ಉಂಡೆ ಉಂಡೆಯಾಗಿ ಟೈರಿನ ಕೆಳಗೆ ಉರುಳುತ್ತದೆ. ಬೂದಿ ಜಾಸ್ತಿ ಬಿದ್ದಾಗ ಊರೊಳಗೆ ದ್ವಿಚಕ್ರ ಓಡಿಸಬಾರದು ಅಂತ ಆದೇಶ ಬಂದದ್ದೂ ಉಂಟು.

ಸಂಜೆ ಉರ್ಸೀನೊ ಕೋಟೆಗೆ ಹೋದೆವು. 13ನೇ ಶತಮಾನದಲ್ಲಿ ಚಕ್ರವರ್ತಿ ಎರಡನೇ ಫ್ರೆಡರಿಕ್ ಕಟ್ಟಿಸಿದ ಕೋಟೆ. ಆಗ ಇದು ಸಮುದ್ರದ ದಡದಲ್ಲಿತ್ತು. ಈಗ ಸುತ್ತಲೂ ಬೀದಿಗಳು, ಅಂಗಡಿಗಳು. ಸಮುದ್ರ ಹಿಂದೆ ಸರಿಯಲಿಲ್ಲ, 1669ರ ಲಾವಾ ಕೋಟೆಯನ್ನು ಬಳಸಿಕೊಂಡು ಮುಂದೆ ಹೋಗಿ ಸಮುದ್ರದೊಳಗೆ ಹೊಸ ನೆಲ ಮಾಡಿತು. ಕಂದಕ ತುಂಬಿಹೋಯಿತು. ಕೋಟೆಯ ಬುಡದಲ್ಲಿ ಆ ಲಾವಾ ಇವತ್ತಿಗೂ ಕಾಣುತ್ತದೆ.

ಅಲ್ಲಿ ಒಬ್ಬ ಹಿರಿಯರು ಭಾವನಿಗೆ ಗೋಡೆ ತೋರಿಸಿ "1669" ಅಂದರು, ಮನೆ ನಂಬರು ಹೇಳಿದಷ್ಟು ಸಲೀಸಾಗಿ. ಮುಂದೆ ಹೋದ ಕಡೆಯೆಲ್ಲಾ ಇದನ್ನೇ ಕೇಳಿದೆವು. ಎಟ್ನಾ ಸುತ್ತಿನ ಜನ ನೆಲವನ್ನು ವರ್ಷದಿಂದ ಗುರುತಿಸುತ್ತಾರೆ. ಇದು 1892, ಅದು 1928, ಆ ಕಡೆದು 2002. ಸೈಕಲ್ ಮೇಲೆ ಹೋದರೆ ಆ ವರ್ಷಗಳು ನಿಧಾನವಾಗಿ, ಒಂದೊಂದಾಗಿ ಸಿಗುತ್ತವೆ. ಕಾರಿನಲ್ಲಿ ಹೋಗುವವರಿಗೆ ಅದೆಲ್ಲಾ ಒಂದೇ ಕಪ್ಪು.

ರಾತ್ರಿ ಬೀದಿಯ ಕಿಯೋಸ್ಕಿನಲ್ಲಿ ಸೆಲ್ತ್ಸ್ ಕುಡಿದೆವು. ಸೋಡಾ, ನಿಂಬೆರಸ, ಉಪ್ಪು, ಅಷ್ಟೇ. ಗಾಂಧಿ ಬಜಾರಿನಲ್ಲಿ ನಿಂತು ಕುಡಿಯುವ ಉಪ್ಪು ಹಾಕಿದ ನಿಂಬೆ ಸೋಡಾದ ರುಚಿಯೇ. ಬೆವರು ಸುರಿಸಿ ಸೈಕಲ್ ತುಳಿಯುವವರಿಗೆ ಇದಕ್ಕಿಂತ ಒಳ್ಳೆಯದು ಬೇರೆ ಬೇಡ. ಭಾವ ಮೂರು ಲೋಟ ಮುಗಿಸಿದರು.

ಭಾನುವಾರ: ಕಡಲ ದಾರಿ, ಆಮೇಲೆ ತ್ಸಫೆರಾನಾ

ಬೆಳಿಗ್ಗೆ ಬೇಗ ಹೊರಟೆವು. ಭಾನುವಾರ ಬೆಳಿಗ್ಗೆ ಈ ಕಡಲ ರಸ್ತೆ ಸೈಕಲ್‌ನವರದ್ದು. ಕ್ಲಬ್ಬಿನ ಜರ್ಸಿ ಹಾಕಿದ ಗುಂಪುಗಳು ಬರುತ್ತಲೇ ಇದ್ದವು, ಅರವತ್ತು ದಾಟಿದವರೂ ಇದ್ದರು. "ಚಾವ್" ಅಂದು ದಾಟಿಕೊಂಡು ಹೋಗುತ್ತಾರೆ.

ಆಚಿ ಕಸ್ತೆಲ್ಲೊ ಮೊದಲು ಸಿಗುತ್ತದೆ. ಸಮುದ್ರದಿಂದ ನೇರ ಎದ್ದ ಕಪ್ಪು ಬಂಡೆ, ಅದರ ಮೇಲೆ ಅದೇ ಕಲ್ಲಿನ ನಾರ್ಮನ್ ಕಾಲದ ಕೋಟೆ. ಬಂಡೆ ಎಲ್ಲಿ ಮುಗಿದು ಕೋಟೆ ಎಲ್ಲಿ ಶುರುವಾಯಿತು ಅಂತ ದೂರದಿಂದ ತಿಳಿಯುವುದಿಲ್ಲ. ಹತ್ತಿರ ಹೋಗಿ ಬಂಡೆಯನ್ನು ನೋಡಬೇಕು. ದುಂಡು ದುಂಡು ದಿಂಬುಗಳನ್ನು ಒತ್ತಿ ಪೇರಿಸಿದ ಹಾಗಿದೆ. ಲಾವಾ ನೀರಿನೊಳಗೆ ಹೊರಬಂದಾಗ ಹೊರಮೈ ತಕ್ಷಣ ಗಟ್ಟಿಯಾಗಿ ಹೀಗಾಗುತ್ತದೆ. ಅಂದರೆ ಈ ಬಂಡೆ ಹುಟ್ಟಿದ್ದು ಕಡಲ ತಳದಲ್ಲಿ, ಸುಮಾರು 5 ಲಕ್ಷ ವರ್ಷಗಳ ಹಿಂದೆ. ಎಟ್ನಾ ಇನ್ನೂ ಬೆಟ್ಟವೇ ಆಗಿರಲಿಲ್ಲ.

ಸ್ವಲ್ಪ ಮುಂದೆ ಆಚಿ ತ್ರೆತ್ಸಾ. ನೀರಿನಲ್ಲಿ ಚೂಪು ಬಂಡೆಗಳು ನಿಂತಿವೆ. ಕಣ್ಣು ಕಳೆದುಕೊಂಡ ಒಕ್ಕಣ್ಣ ದೈತ್ಯ ಪಾಲಿಫೀಮಸ್ ತಪ್ಪಿಸಿಕೊಂಡು ಹೋಗುತ್ತಿದ್ದ ಒಡಿಸ್ಸಿಯಸ್‌ನ ಹಡಗಿನತ್ತ ಎಸೆದ ಬಂಡೆಗಳು ಇವು ಅಂತ ಗ್ರೀಕ್ ಪುರಾಣದ ಕತೆ. ಮಕ್ಕಳು ಬಂಡೆಯ ಸಾಲಿನ ಪಕ್ಕದಲ್ಲೇ ನೀರಿಗೆ ಹಾರುತ್ತಿದ್ದರು. ಅಲ್ಲೇ ಕೂತು ಗ್ರಾನೀತಾ ಅನ್ನುವ ಪುಡಿ ಐಸಿನ ಸಿಹಿ ತಿಂದೆವು, ಬಾದಾಮಿಯದು, ಜೊತೆಗೆ ತಲೆಯ ಮೇಲೆ ಪುಟ್ಟ ಗುಬುಟು ಇರುವ ಬ್ರಿಯೋಶ್ ಬನ್ನು. ಗುಬುಟನ್ನು ಮೊದಲು ಕಿತ್ತು ಗ್ರಾನೀತಾದಲ್ಲಿ ಅದ್ದಬೇಕು. ಇಲ್ಲಿ ಬೆಳಗಿನ ತಿಂಡಿಯೇ ಇದು. ಸೈಕಲ್‌ನವರೆಲ್ಲಾ ಇದನ್ನೇ ತಿನ್ನುತ್ತಿದ್ದರು, ಸಕ್ಕರೆ, ನೀರು, ಹಿಟ್ಟು ಒಂದೇ ಏಟಿಗೆ ಸಿಗುತ್ತದಲ್ವಾ.

ಆಚಿರೆಯಾಲೆ ಹತ್ತಿರ ದಡ ಗೋಡೆಯ ಹಾಗೆ ಎದ್ದಿದೆ. ಭೂಮಿ ಬಿರಿದು ಜಾರಿದ ಜಾಗ. ಒಂದರ ಮೇಲೊಂದು ಲಾವಾದ ಪದರ ಕಾಣುತ್ತದೆ. ಕೆಳಗಿನ ಮೀನುಗಾರರ ಹಳ್ಳಿಯಿಂದ ಮೇಲಕ್ಕೆ ಸುತ್ತು ರಸ್ತೆ, ಎರಡೂ ಕಡೆ ನಿಂಬೆ ತೋಟ. ಮೊದಲ ಏರು ಅಲ್ಲೇ ಸಿಕ್ಕಿತು. ಆಮೇಲೆ ತ್ಸಫೆರಾನಾವರೆಗೂ ಏರೇ. ಹಳ್ಳಿಗಳು ಒಂದಕ್ಕೊಂದು ಅಂಟಿಕೊಂಡಿವೆ. ರಸ್ತೆ ಅಷ್ಟು ಚೆನ್ನಾಗಿಲ್ಲ, ಗುಂಡಿಗಳಿವೆ, ಕಣ್ಣು ಕೆಳಗೇ ಇರಬೇಕು.

ತ್ಸಫೆರಾನಾ ಜೇನಿನ ಊರು. ಕಿತ್ತಳೆ ಹೂವಿನದು, ಚೆಸ್ಟ್‌ನಟ್ ಹೂವಿನದು, ಬೇರೆ ಬೇರೆ ಇಟ್ಟಿರುತ್ತಾರೆ. ಚೆಸ್ಟ್‌ನಟ್ ಜೇನು ಸ್ವಲ್ಪ ಕಹಿ. ನನಗೆ ಅದೇ ಹಿಡಿಸಿತು. ಊರಿನ ಮೇಲ್ಗಡೆ 1992ರ ಲಾವಾ ನಿಂತ ಜಾಗಕ್ಕೆ ಹೋದೆವು. ಲಾವಾ ಊರಿನ ಹತ್ತಿರಕ್ಕೇ ಬಂದಿತ್ತು. ಮಣ್ಣಿನ ತಡೆಗೋಡೆ ಕಟ್ಟಿದರು, ಹೆಲಿಕಾಪ್ಟರಿನಿಂದ ಕಾಂಕ್ರೀಟ್ ದಿಮ್ಮಿ ಹಾಕಿದರು, ಕೊನೆಗೆ ಮೇ ತಿಂಗಳಲ್ಲಿ ಮೇಲೆ ಸಿಡಿಮದ್ದು ಇಟ್ಟು ಹರಿವಿನ ದಾರಿ ತಿರುಗಿಸಿದರು. ಊರು ಉಳಿಯಿತು. ಅಲ್ಲೊಂದು ಮಾತೆ ಮೇರಿಯ ಮೂರ್ತಿ ಇದೆ. ಯಾರೋ ಹೊಸ ಹೂವು ಇಟ್ಟು ಹೋಗಿದ್ದರು.

ಸೋಮವಾರ: ಎಟ್ನಾ

ತ್ಸಫೆರಾನಾದಿಂದ ಬೆಟ್ಟದ ಮೇಲಿನ ತಂಗುದಾಣ ರಿಫೂಜೊ ಸಾಪಿಯೆಂತ್ಸಾಕ್ಕೆ ಸುಮಾರು 18 ಕಿಲೋಮೀಟರ್. ಏರಿಕೆ 1,300 ಮೀಟರ್‌ಗಿಂತ ಜಾಸ್ತಿ. ಸರಾಸರಿ 7 ಶೇಕಡ ಅಂದರೆ ಕಡಿಮೆ ಅನ್ನಿಸಬಹುದು, ಆದರೆ ಉಸಿರು ತೆಗೆದುಕೊಳ್ಳಲು ಸಪಾಟು ಜಾಗ ಸಿಗುವುದೇ ಕಷ್ಟ. ಹೆಚ್ಚಿನವರು ನಿಕೊಲೋಸಿ ಕಡೆಯಿಂದ ಹತ್ತುತ್ತಾರೆ. ಅದು ಅಗಲ ರಸ್ತೆ, ಬಸ್ಸುಗಳ ದಾರಿ. ಈ ಕಡೆ ವಾಹನ ಕಡಿಮೆ, ಏರು ಜಾಸ್ತಿ. ಹತ್ತುವುದಾದರೆ ಇಲ್ಲಿಂದ ಹತ್ತಿ, ಆ ಕಡೆ ಇಳಿಯಬೇಕು.

ಮೊದಲು ತೋಟಗಳು, ಆಮೇಲೆ ಚೆಸ್ಟ್‌ನಟ್ ಕಾಡು. ನೆರಳಿದ್ದಷ್ಟು ಹೊತ್ತು ಮಾತಾಡಿಕೊಂಡೇ ಹೋದೆವು. "ನೀನು ಮುಂದೆ ಹೋಗು ಮಾರಾಯ, ನಾನು ನನ್ನ ಪಾಡಿಗೆ ಬರ್ತೀನಿ" ಅಂದರು ಭಾವ. "ಬೇಡ ಭಾವ, ಒಟ್ಟಿಗೇ ಹೋಗೋಣ, ನೀವು ಲಯ ಹಿಡೀರಿ" ಅಂದೆ. ಅವರ ಲಯ ನಿಜಕ್ಕೂ ಒಳ್ಳೆಯದು. ಎದ್ದು ನಿಂತು ತುಳಿಯುವುದಿಲ್ಲ, ಸೀಟಿನಲ್ಲೇ ಕೂತು ಸಣ್ಣ ಗೇರಿನಲ್ಲಿ ಒಂದೇ ಸಮ ತುಳಿಯುತ್ತಾರೆ. ಮಲೆನಾಡಿನ ಸಾಗರದ ಕಡೆಯ ಏರುಗಳಲ್ಲಿ ಚಿಕ್ಕಂದಿನಲ್ಲಿ ಕಲಿತದ್ದಂತೆ.

ಕಾಡು ಮುಗಿದ ಮೇಲೆ ಲಾವಾ ಶುರು. ಇಲ್ಲಿಂದ ಮೇಲೆ ವಯಸ್ಸು ನೋಡುತ್ತಾ ಹೋಗಬಹುದು. ಹೊಸ ಲಾವಾ ಬೋಳು, ಕರ್ರಗೆ, ಮುಳ್ಳು ಮುಳ್ಳು. ಸ್ವಲ್ಪ ಹಳೆಯದರ ಮೇಲೆ ಬೂದು ಬಣ್ಣದ ಕಲ್ಲುಹೂವು ಹಬ್ಬಿರುತ್ತದೆ. ಇನ್ನೂ ಹಳೆಯದರ ಬಿರುಕಿನಲ್ಲಿ ಹುಲ್ಲು, ಮುಳ್ಳು ಗಿಡ. ಶತಮಾನ ದಾಟಿದ್ದರ ಮೇಲೆ ಜೆನಿಸ್ಟಾ ಮರಗಳು. ಬೇಸಿಗೆ ಶುರುವಾದಾಗ ಅವು ಮೈತುಂಬಾ ಹಳದಿ ಹೂ ಬಿಡುತ್ತವೆ. ನಾವು ಹೋದಾಗ ಮೇ ತಿಂಗಳು, ಕೆಳಗಿನ ಮರಗಳಲ್ಲಿ ಆಗಷ್ಟೇ ಅರಳುತ್ತಿದ್ದವು. ಗಂಟೆಗೆ ಎಂಟು ಕಿಲೋಮೀಟರ್ ವೇಗದಲ್ಲಿ ಹತ್ತುವಾಗ ಇದೆಲ್ಲಾ ಸ್ಪಷ್ಟವಾಗಿ ಕಾಣುತ್ತದೆ. ಒಂದು ತಿರುವಿನಲ್ಲಿ ಹೂತುಹೋದ ಮನೆಯೊಂದರ ಸೂರು ಮಾತ್ರ ಲಾವಾದಿಂದ ಮೇಲೆ ಇತ್ತು.

ರಸ್ತೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಹೆಸರುಗಳು. ಅಳಿಸಿಹೋಗುತ್ತಿದ್ದರೂ "ನೀಬಲಿ" ಅಂತ ಓದಲು ಬರುತ್ತಿತ್ತು. ವಿಂಚೆಂತ್ಸೊ ನೀಬಲಿ ಇದೇ ದ್ವೀಪದ ಮೆಸ್ಸೀನಾದವರು. ಜೀರೊ ದಿ'ಇತಾಲಿಯಾ, ಟೂರ್ ದ ಫ್ರಾನ್ಸ್, ವುಯೆಲ್ತಾ, ಈ ಮೂರೂ ದೊಡ್ಡ ಸೈಕಲ್ ಓಟಗಳನ್ನು ಗೆದ್ದವರು. 2022ರಲ್ಲಿ ಜೀರೊ ಎಟ್ನಾ ಹತ್ತಿದ ಮರುದಿನ ಮೆಸ್ಸೀನಾದಲ್ಲೇ ನಿವೃತ್ತಿ ಹೇಳಿದರು. ಜೀರೊ ಮೊದಲು ಎಟ್ನಾ ಮೇಲೆ ಮುಗಿದದ್ದು 1967ರಲ್ಲಿ, ಆ ದಿನ ಗೆದ್ದವರು ಫ್ರಾಂಕೊ ಬಿತೊಸ್ಸಿ. ಆಮೇಲೆ ಲಾವಾ ಎಷ್ಟೋ ಸಲ ಬೆಟ್ಟದ ಮೈ ಬದಲಿಸಿದೆ, ಓಟಗಾರರು ಮಾತ್ರ ಬರುತ್ತಲೇ ಇದ್ದಾರೆ.

ಸಾಪಿಯೆಂತ್ಸಾಕ್ಕೆ ಸ್ವಲ್ಪ ಮುಂಚೆ ರಸ್ತೆಯ ಬದಿಯಲ್ಲೇ ಸಿಲ್ವೆಸ್ತ್ರಿ ಕುಳಿಗಳು. 1892ರವು. ಸೈಕಲ್ ಒರಗಿಸಿ, ಪೆಡಲಿಗೆ ಕಚ್ಚುವ ಕ್ಲೀಟ್ ಶೂ ಬಿಚ್ಚಿ ಚಪ್ಪಲಿ ಹಾಕಿಕೊಂಡು ಅಂಚಿನ ಮೇಲೆ ನಡೆದೆವು. ಕೆಂಪು, ಕಂದು, ಕಪ್ಪು ಕಲ್ಲಿನ ಪುಡಿ. ಒಂದು ತುಣುಕು ಎತ್ತಿ ಅಂಗೈಯಲ್ಲಿಟ್ಟರೆ ತೂಕವೇ ಇಲ್ಲ. ಒಳಗೆಲ್ಲಾ ಗಾಳಿಯ ತೂತು. ಅಂಚು ಮಾತ್ರ ಬ್ಲೇಡಿನಷ್ಟು ಚೂಪು. ಬಿದ್ದರೆ ಚರ್ಮ ಉಳಿಯುವುದಿಲ್ಲ. ಇಳಿಯುವಾಗ ಇದು ನೆನಪಿನಲ್ಲಿರಬೇಕು.

ಸುಮಾರು 1,900 ಮೀಟರ್ ಎತ್ತರದಲ್ಲಿ ಗಾಳಿ ಕೊರೆಯುತ್ತಿತ್ತು. ಮೇಲೆ ಹಿಮದ ತೇಪೆಗಳು, ಅದರ ಮೇಲೆ ಬೂದಿ, ಇನ್ನೂ ಮೇಲೆ ಹೊಗೆ. ಕೆಳಗೆ ಸಮುದ್ರ. 2001ರಲ್ಲಿ ಲಾವಾ ಈ ಅಂಗಳದವರೆಗೂ ಬಂದು ಕೇಬಲ್ ಕಾರನ್ನು ಸುಟ್ಟುಹಾಕಿತ್ತು. ಅದನ್ನು ಮತ್ತೆ ಕಟ್ಟಿ ಓಡಿಸುತ್ತಿದ್ದಾರೆ. ಬಿಸಿ ಚಾಕೊಲೆಟ್ ಕುಡಿದು, ಗಾಳಿ ತಡೆಯುವ ಜಾಕೆಟ್ ಹಾಕಿ, ಜರ್ಸಿಯ ಒಳಗೆ ನ್ಯೂಸ್‌ಪೇಪರ್ ತುರುಕಿಕೊಂಡು ಇಳಿದೆವು. ಇದು ಹಳೆಯ ಓಟಗಾರರ ಉಪಾಯ. ಇವತ್ತಿಗೂ ಕೆಲಸ ಮಾಡುತ್ತದೆ.

ನಿಕೊಲೋಸಿಯಲ್ಲಿ ಉಳಿದೆವು. ಊರಿನ ಪಕ್ಕದ ಜೋಡಿ ಗುಡ್ಡ ಮೊಂತಿ ರೊಸ್ಸಿ. ಕಟಾನಿಯಾ ಕೋಟೆಯನ್ನು ಸುತ್ತಿದ 1669ರ ಲಾವಾ ಹೊರಟದ್ದು ಇಲ್ಲಿಂದ. ಆಗ ಡಿಯೆಗೊ ಪಪ್ಪಲಾರ್ಡೊ ಅನ್ನುವವರು ಕಟಾನಿಯಾದ ಜನರನ್ನು ಕಟ್ಟಿಕೊಂಡು, ಮೈಮೇಲೆ ಒದ್ದೆ ಚರ್ಮ ಹೊದ್ದು, ಕಬ್ಬಿಣದ ಸಲಾಕೆಯಿಂದ ಹರಿವಿನ ಪಕ್ಕವನ್ನು ಒಡೆದರು. ಲಾವಾ ತಿರುಗಿತು ಕೂಡ. ಆದರೆ ಅದು ತಿರುಗಿದ್ದು ಪತೆರ್ನೊ ಊರಿನ ಕಡೆಗೆ. ಆ ಊರಿನವರು ಆಯುಧ ಹಿಡಿದು ಬಂದು ಇವರನ್ನು ಓಡಿಸಿದರು. ಒಡೆದ ಬಾಯಿ ಮತ್ತೆ ಮುಚ್ಚಿತು, ಲಾವಾ ಕಟಾನಿಯಾಕ್ಕೇ ಹೋಯಿತು. ಇದರಲ್ಲಿ ಯಾರದು ತಪ್ಪು ಅಂತ ಊಟದ ತನಕ ಯೋಚಿಸಿದೆ. ಯಾರದೂ ಅಲ್ಲ. ಪತೆರ್ನೊದವರ ಜಾಗದಲ್ಲಿ ನಾನಿದ್ದರೂ ಸಲಾಕೆ ಕಿತ್ತುಕೊಳ್ಳುತ್ತಿದ್ದೆ.

ಭಾವ ಸಸ್ಯಾಹಾರಿ. ಇಲ್ಲಿ ಅದು ತೊಂದರೆಯೇ ಅಲ್ಲ. ಹುರಿದ ಬದನೆಕಾಯಿ, ಟೊಮೆಟೊ, ತುಳಸಿ, ಮೇಲೆ ಉಪ್ಪಿನ ರಿಕೋತಾ ತುರಿದ ನೋರ್ಮಾ ಪಾಸ್ತಾ ಎಲ್ಲಾ ಕಡೆ ಸಿಗುತ್ತದೆ.

ಮಂಗಳವಾರ: ಪಶ್ಚಿಮದ ಮಗ್ಗುಲು

ಪ್ರವಾಸಿಗರು ಎಟ್ನಾದ ಪೂರ್ವಕ್ಕೆ, ದಕ್ಷಿಣಕ್ಕೆ ಹೋಗುತ್ತಾರೆ. ಪಶ್ಚಿಮಕ್ಕೆ ಹೋಗುವವರು ಕಡಿಮೆ. ರಸ್ತೆ ಖಾಲಿ, ಬೆಟ್ಟ ಪೂರ್ತಿ ಕಾಣುತ್ತದೆ, ಜನಕ್ಕೆ ಮಾತಾಡಲು ಪುರುಸೊತ್ತು ಇರುತ್ತದೆ. ನಿಕೊಲೋಸಿಯಿಂದ ರಗಾಲ್ನಾ, ಬಿಯಂಕವಿಲ್ಲಾ, ಅದ್ರಾನೊ ದಾಟಿ ಬ್ರೋಂತೆಗೆ ಹೋದೆವು. ದಾರಿಯುದ್ದಕ್ಕೂ ಪಾಪಸುಕಳ್ಳಿ. ಇದು ಸುಮ್ನೆ ಬೆಳೆದ ಬೇಲಿಯಲ್ಲ, ಹಣ್ಣಿಗಾಗಿ ಸಾಲು ಹಿಡಿದು ನೆಟ್ಟ ತೋಟ. ಹಿಂದಿನಿಂದಲೂ ಲಾವಾ ನೆಲವನ್ನು ಹದ ಮಾಡಲು ಇದನ್ನೇ ನೆಡುತ್ತಿದ್ದರು. ಬೇರು ಬಿರುಕಿಗೆ ಇಳಿದು ಕಲ್ಲನ್ನು ಒಡೆಯುತ್ತದೆ.

ರಸ್ತೆಯ ಪಕ್ಕದಲ್ಲಿ ಚಿರ್ಕುಮೆತ್ನೇಯಾ ಅನ್ನುವ ಸಣ್ಣ ರೈಲಿನ ಹಳಿ ಕಂಡು ಮರೆಯಾಗುತ್ತಿರುತ್ತದೆ. 19ನೇ ಶತಮಾನದ ಕೊನೆಯಲ್ಲಿ ಹಾಕಿದ ನ್ಯಾರೋ ಗೇಜ್ ಹಳಿ, ಬೆಟ್ಟವನ್ನು ಬಳಸಿ ಹೋಗುತ್ತದೆ. ಎಷ್ಟೋ ಕಡೆ ಲಾವಾವನ್ನು ಕೊರೆದು ದಾರಿ ಮಾಡಿದ್ದಾರೆ. ಒಂದು ಕಡೆ ಗೇಟು ಬಿತ್ತು. ರೈಲಿನ ಡ್ರೈವರ್ ನಮಗೆ ಕೈ ಬೀಸಿದರು.

ಬ್ರೋಂತೆಯ ಪಿಸ್ತಾ ತೋಟವನ್ನು ತೋಟ ಅಂತ ಗುರುತಿಸಲು ಸ್ವಲ್ಪ ಹೊತ್ತು ಬೇಕು. ಸಾಲಿಲ್ಲ, ಉಳುಮೆಯಿಲ್ಲ, ಮಣ್ಣೇ ಇಲ್ಲ. ಒಡ್ಡೊಡ್ಡಾದ ಲಾವಾದ ನಡುವೆ ತಿರುಚಿಕೊಂಡ ಗಿಡ್ಡ ಮರಗಳು. ನಾವು ನೀರಿಗೆ ನಿಂತ ಕಡೆ ಒಬ್ಬ ರೈತರು ಬೇಲಿ ಸರಿ ಮಾಡುತ್ತಿದ್ದರು. ಭಾವನಿಗೆ ಇಟಾಲಿಯನ್ ಅಷ್ಟಿಷ್ಟು ಬರುತ್ತದೆ. ಪ್ರಶ್ನೆ ಕೇಳಿದ್ದೇ ತಡ, ಅವರು ನಮ್ಮನ್ನು ಒಳಗೆ ಕರೆದರು. ಒಂದು ಮರದ ಬುಡದ ಹತ್ತಿರ ಕೂತು ಕಾಂಡದ ಮೇಲೆ ಬೆರಳಾಡಿಸಿ ತೋರಿಸಿದರು. ಒಂದು ಗೇಣು ಎತ್ತರದಲ್ಲಿ ಉಬ್ಬಿದ ಗೆರೆ. ಕೆಳಗಿನ ತೊಗಟೆ ಕಪ್ಪು, ಒರಟು. ಮೇಲಿನದು ಬೂದು, ಸ್ವಲ್ಪ ನಯ. ಕೆಳಗಿರುವುದು ಕಾಡಿನ ಟೆರೆಬಿಂತ್ ಗಿಡ, ಲಾವಾದಲ್ಲಿ ತಾನೇ ಹುಟ್ಟುವುದು. ಅದಕ್ಕೆ ಪಿಸ್ತಾ ಕಸಿ ಕಟ್ಟುತ್ತಾರೆ. ಕಲ್ಲಿನಲ್ಲಿ ಬೇರಿಳಿಸುವ ಕೆಲಸ ಕಾಡು ಗಿಡದ್ದು, ಕಾಯಿ ಬಿಡುವ ಕೆಲಸ ಪಿಸ್ತಾದ್ದು.

ಎರಡು ವರ್ಷಕ್ಕೊಮ್ಮೆ ಮಾತ್ರ ಕೊಯ್ಲು, ಬೆಸ ಸಂಖ್ಯೆಯ ವರ್ಷಗಳಲ್ಲಿ, ಸೆಪ್ಟೆಂಬರಿನ ಹೊತ್ತಿಗೆ. ನಡುವಿನ ವರ್ಷ ಮೊಗ್ಗನ್ನೇ ಚಿವುಟಿ ಮರಕ್ಕೆ ವಿಶ್ರಾಂತಿ ಕೊಡುತ್ತಾರೆ. ಯಂತ್ರ ಇಲ್ಲಿ ಓಡುವುದಿಲ್ಲ. ಕುತ್ತಿಗೆಗೆ ಚೀಲ ನೇತುಹಾಕಿಕೊಂಡು ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತಾ ಕೈಯಿಂದಲೇ ಬಿಡಿಸಬೇಕು. ಬೆಲೆ ಇರುವ ಮಾಲು, ಕೊಯ್ಲಿನ ಹೊತ್ತಿಗೆ ಕಳ್ಳರ ಕಾಟ. ಪೊಲೀಸರು ಗಸ್ತು ತಿರುಗುತ್ತಾರೆ. ಈ ಪಿಸ್ತಾಕ್ಕೆ ಯುರೋಪಿನ ಡಿಓಪಿ ಮಾನ್ಯತೆ ಇದೆ, ಬೆಳೆದ ಊರನ್ನು ಖಾತರಿ ಮಾಡುವ ಮುದ್ರೆ. ಅಂಗಡಿಯಲ್ಲಿ "ಬ್ರೋಂತೆ" ಅಂತ ಬರೆದ ಎಲ್ಲವನ್ನೂ ನಂಬಬೇಡಿ, ಆ ಮುದ್ರೆ ನೋಡಿ ಕೊಳ್ಳಿ ಅಂದರು. ಹೊರಡುವಾಗ ಒಂದು ಹಿಡಿ ಪಿಸ್ತಾ ಕೊಟ್ಟರು. ತಿರುಳು ಪಚ್ಚೆ ಹಸಿರು, ಸಿಪ್ಪೆ ನೇರಳೆ.

ಅವರು ಬೇಲಿ ಹಾಕುತ್ತಿದ್ದ ನೆಲದ ವರ್ಷ ಕೇಳಿದೆ. 1843 ಅಂದರು. ಆ ವರ್ಷದ ಲಾವಾ ನೀರಿದ್ದ ನೆಲವನ್ನು ಮುಟ್ಟಿದಾಗ ಸ್ಫೋಟವಾಗಿ, ನೋಡಲು ನಿಂತ ಬ್ರೋಂತೆಯ ಹಲವರು ಸತ್ತರು. ಅದೇ ಕಲ್ಲಿನ ಮೇಲೆ ಈಗ ಬೇಲಿ.

ಮಲೆತ್ತೊ ದಾಟಿ ಮಧ್ಯಾಹ್ನ ಕಳೆದ ಮೇಲೆ ರಂದಾತ್ಸೊ ಮುಟ್ಟಿದೆವು. ಎಟ್ನಾದ ಬಾಯಿಗೆ ತೀರಾ ಹತ್ತಿರದ ಊರು ಇದು. ಆದರೂ ಲಾವಾ ಇದನ್ನು ಎಂದೂ ನುಂಗಿಲ್ಲ. 1981ರಲ್ಲಿ ಊರಿನ ಪಕ್ಕದಲ್ಲೇ ಹರಿದು, ರಸ್ತೆ, ರೈಲುಹಳಿ ಎಲ್ಲಾ ಕಡಿದುಕೊಂಡು ನದಿಯ ಕಡೆಗೆ ಹೋಯಿತು. ಊರಿಗೆ ನಿಜವಾದ ಏಟು ಬಿದ್ದದ್ದು 1943ರಲ್ಲಿ, ಮಹಾಯುದ್ಧದ ಬಾಂಬುಗಳಿಂದ. ಜ್ವಾಲಾಮುಖಿ ಬಿಟ್ಟ ಊರನ್ನು ಮನುಷ್ಯರು ಬಿಡಲಿಲ್ಲ. ಉಳಿದ, ಮತ್ತೆ ಕಟ್ಟಿದ ಕಪ್ಪು ಚರ್ಚುಗಳ ನಡುವೆ ಸಂಜೆ ಸುಮ್ಮನೆ ಓಡಾಡಿದೆವು.

ಬುಧವಾರ: ಮಾರೆನೇವೆ

ರಂದಾತ್ಸೊದಿಂದ ಲಿಂಗ್ವಾಗ್ಲೋಸ್ಸಾಕ್ಕೆ ದ್ರಾಕ್ಷಿ ತೋಟಗಳ ನಡುವಿನ ದಾರಿ. ಕಪ್ಪು ಕಲ್ಲಿನ ಒಣಗೋಡೆ, ಮೆಟ್ಟಿಲು ಹೊಲ, ಗಿಡ್ಡ ಬಳ್ಳಿ. ನೆರೆಲ್ಲೊ ಮಸ್ಕಲೇಸೆ ಅನ್ನುವ ತಳಿ. ಇಳಿಜಾರು, ಬೆಳಗಿನ ತಂಪು, ಬೇಗ ಮುಗಿಯಿತು.

ಅಲ್ಲಿಂದ ಮಾರೆನೇವೆ ರಸ್ತೆ. ಕಡಲಿನಿಂದ ಹಿಮಕ್ಕೆ ಹೋಗುವ ದಾರಿ. ಪಿಯಾನೊ ಪ್ರೊವೆಂತ್ಸಾನಾವರೆಗೆ, ಸುಮಾರು 1,800 ಮೀಟರ್ ಎತ್ತರಕ್ಕೆ. ಎಟ್ನಾದ ಏರುಗಳಲ್ಲಿ ನೆರಳು ಅಂದರೆ ಇದೇ. ಎತ್ತರದ ಪೈನ್ ಮರಗಳು, ರಾಳದ ವಾಸನೆ, ಪೈನ್ ಸೂಜಿ ಬಿದ್ದ ಮೆತ್ತನೆ ಅಂಚು. ಹಿಂದೆ ಈ ಮರಗಳಿಂದ ರಾಳ ತೆಗೆಯುತ್ತಿದ್ದರು. ಮೇಲೆ ಕಾಡು ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. 2002ರ ಅಕ್ಟೋಬರಿನ ಲಾವಾ. ಸ್ಕೀ ಲಿಫ್ಟು, ಹೋಟೆಲು, ಅಂಗಡಿ ಎಲ್ಲವನ್ನೂ ಹೂತುಹಾಕಿತು. ಬೆಳ್ಳಗೆ ಒಣಗಿದ ಮರದ ಕಾಂಡಗಳು ಕಪ್ಪು ಲಾವಾದ ಅಂಚಿನಲ್ಲಿ ಇನ್ನೂ ನಿಂತಿವೆ. ರಸ್ತೆ ಅದರ ಮೇಲೇ ಹೊಸದಾಗಿ ಹಾಕಿದ್ದು, ನಯವಾದ ಡಾಂಬರು.

ಇಳಿದದ್ದು ಫೊರ್ನಾತ್ಸೊ ಕಡೆಗೆ. ಬಿಳಿ ತೊಗಟೆಯ ಬರ್ಚ್ ಮರಗಳ ನಡುವೆ ತಿರುವಿನ ಮೇಲೆ ತಿರುವು. ಬೂದಿ ಕಡಿಮೆ ಇತ್ತು, ಮನಸಾರೆ ಇಳಿದೆವು. ಊರಿಗೆ ಸ್ವಲ್ಪ ಮೇಲೆ ಒಂದು ಪುಟ್ಟ ಪ್ರಾರ್ಥನಾ ಮನೆ. 1979ರ ಲಾವಾ ಅದರ ಗೋಡೆಗೆ ಒರಗಿ ನಿಂತಿದೆ.

ಸಂತಾಲ್ಫಿಯೊ ಊರಿನ ಹತ್ತಿರ "ನೂರು ಕುದುರೆಗಳ ಚೆಸ್ಟ್‌ನಟ್". ರಾಣಿಯೊಬ್ಬಳು ನೂರು ಮಂದಿ ಸವಾರರ ಜೊತೆ ಮಳೆಗೆ ಇದರ ಕೆಳಗೆ ನಿಂತಳು ಅಂತ ಕತೆ. 2,000 ವರ್ಷಕ್ಕೂ ಹಳೆಯದು ಅನ್ನುತ್ತಾರೆ. 1780ರಲ್ಲಿ ಅಳೆದಾಗ ಸುತ್ತಳತೆ ಸುಮಾರು 58 ಮೀಟರ್ ಇತ್ತು. ಈಗ ಕಾಂಡ ಸೀಳಿ ಬೇರೆ ಬೇರೆ ಮರಗಳ ಹಾಗೆ ಕಾಣುತ್ತದೆ. ಮೈತುಂಬಾ ಹೊಸ ಎಲೆ. ಕಮ್ಮಿಯೆಂದರೂ ಅರ್ಧ ಗಂಟೆ ಇಲ್ಲಿ ಇಡಿ.

ಕೆಳಗೆ ಮಸ್ಕಾಲಿ. ನೇರ ಬೀದಿಗಳ ಹೊಸ ಊರು. ಹಳೆಯ ಮಸ್ಕಾಲಿಯನ್ನು 1928ರ ನವೆಂಬರಿನಲ್ಲಿ ಲಾವಾ ಹೆಚ್ಚುಕಡಿಮೆ ಪೂರ್ತಿ ನುಂಗಿತು. ಜನ ಸಾಮಾನು ಹೊತ್ತುಕೊಂಡು ಹೊರಡುವಷ್ಟು ಸಮಯ ಸಿಕ್ಕಿತ್ತು. ಆಮೇಲೆ ಹತ್ತಿರದಲ್ಲೇ ಕಟ್ಟಿದರು, ದೂರ ಹೋಗಲಿಲ್ಲ.

ಗುರುವಾರ: ಸಿರಾಕೂಸಾ

ಮಸ್ಕಾಲಿ ಪಕ್ಕದ ಜಾರ್ರೆಯಿಂದ ಸಿರಾಕೂಸಾಕ್ಕೆ ರೈಲು ಹತ್ತಿದೆವು. ಪ್ರಾದೇಶಿಕ ರೈಲಿನಲ್ಲಿ ಸೈಕಲ್ ಒಯ್ಯಬಹುದು. ನಡುವಿನ ಅಗುಸ್ತಾ, ಪ್ರಿಯೋಲೊ ಕಡೆ ಕಡಲ ದಡದ ತುಂಬಾ ಎಣ್ಣೆ ಶುದ್ಧೀಕರಣದ ಕಾರ್ಖಾನೆಗಳು, ಲಾರಿಗಳ ಹೆದ್ದಾರಿ. ಅಲ್ಲಿ ಸೈಕಲ್ ತುಳಿಯುವುದರಲ್ಲಿ ಏನೂ ಸುಖವಿಲ್ಲ.

ಸಿರಾಕೂಸಾದಲ್ಲಿ ಕಲ್ಲಿನ ಬಣ್ಣವೇ ಬೇರೆ. ಸುಣ್ಣಕಲ್ಲು, ಜೇನಿನ ಬಿಳುಪು. ಆರ್ಕಿಮಿಡೀಸ್ ಊರು ಇದು. ಹಳೆಯ ಊರು ಓರ್ತೀಜಾ ಒಂದು ಪುಟ್ಟ ದ್ವೀಪ. ಅಲ್ಲಿನ ಚರ್ಚಿನ ಗೋಡೆಯೊಳಗೆ ಗ್ರೀಕರ ಅಥೇನಾ ಗುಡಿಯ ದಪ್ಪ ಕಂಬಗಳು ಹಾಗೇ ಇವೆ. ಕಂಬಗಳ ನಡುವೆ ಗೋಡೆ ತುಂಬಿ ಚರ್ಚು ಮಾಡಿದ್ದಾರೆ. ಕ್ರಿಸ್ತಪೂರ್ವ 5ನೇ ಶತಮಾನದಿಂದ ಇವತ್ತಿನವರೆಗೆ ಪ್ರಾರ್ಥನೆ ನಡೆದ ಜಾಗ ಅಂದರೆ ಮೈ ಜುಮ್ಮೆನ್ನುತ್ತದೆ. ಅಲ್ಲೇ ಅರೆತೂಸಾ ಬುಗ್ಗೆ, ಸಮುದ್ರದ ಮಗ್ಗುಲಲ್ಲಿ ಸಿಹಿನೀರು, ಅದರಲ್ಲಿ ಪಪೈರಸ್ ಹುಲ್ಲು.

ಸಂಜೆ ಹಳೆಯ ರೈಲುದಾರಿಯ ಮೇಲೆ ಮಾಡಿದ ಕಡಲಂಚಿನ ಸೈಕಲ್ ಪಥದಲ್ಲಿ ಕಾಲು ಸಡಿಲಿಸಿದೆವು.

ಶುಕ್ರವಾರ: ನೋತೊ

ಬಾದಾಮಿ, ನಿಂಬೆ, ಆಲಿವ್. ಆವೊಲಾವರೆಗೆ ಸಪಾಟು. ಇಲ್ಲಿನ ಬಾದಾಮಿಯಿಂದಲೇ ಕಟಾನಿಯಾದ ಗ್ರಾನೀತಾ. ಆವೊಲಾದಲ್ಲಿ ಕೂತು ಇನ್ನೊಂದು ಲೋಟ ತಿಂದು, ಇದೇ ಹೆಚ್ಚು ಚೆನ್ನಾಗಿದೆ ಅಂತ ಇಬ್ಬರೂ ಒಪ್ಪಿದೆವು.

ಈ ಕಡೆಯ ವರ್ಷ ಒಂದೇ. 1693. ಆ ಜನವರಿಯ ಭೂಕಂಪ ಕಟಾನಿಯಾವನ್ನೂ ಈ ಸೀಮೆಯ ಊರುಗಳನ್ನೂ ನೆಲಸಮ ಮಾಡಿತು. ಕಟಾನಿಯಾದವರು ಇದ್ದಲ್ಲೇ ಕಟ್ಟಿದರು. ನೋತೊದವರು ಬೆಟ್ಟದ ಮೇಲಿದ್ದ ಹಳೆಯ ಊರನ್ನೇ ಬಿಟ್ಟು, ಕಡಲಿಗೆ ಹತ್ತಿರದ ಇಳಿಜಾರಿಗೆ ಬಂದರು. ಹೊಸ ನೋತೊ ನೋಡಲು ಎಲ್ಲರೂ ಬರುತ್ತಾರೆ. ನಾವು ಮೊದಲು ಹಳೆಯದಕ್ಕೆ ಹತ್ತಿದೆವು, ನೋತೊ ಅಂತೀಕಾಕ್ಕೆ. ಕೋಟೆಯ ಬಾಗಿಲು ದಾಟಿದರೆ ಒಳಗೆ ಗಿಡಗಂಟಿ, ಬಿದ್ದ ಕಲ್ಲು, ಹಲ್ಲಿಗಳು. ಒಂದು ಊರು ಪೂರ್ತಿ ಎದ್ದುಹೋದ ಜಾಗ. ಇದನ್ನು ನೋಡಿ ಇಳಿದು ಹೊಸ ನೋತೊದ ದೊಡ್ಡ ಬೀದಿಗೆ ಬಂದರೆ, ಆ ಬಾಲ್ಕನಿಗಳ ಕೆತ್ತನೆ, ಅಗಲ ಮೆಟ್ಟಿಲು, ಸಂಜೆಯ ಬಿಸಿಲಿಗೆ ಹೊಳೆಯುವ ಕಲ್ಲು ಎಲ್ಲಾ ಬೇರೆಯೇ ಕಾಣುತ್ತದೆ. ಎಲ್ಲಾ ಕಳೆದುಕೊಂಡವರು ಇಷ್ಟು ಧಾರಾಳವಾಗಿ ಕಟ್ಟಿದರಲ್ಲ!

ದೊಡ್ಡ ಚರ್ಚಿನ ಗುಮ್ಮಟ 1996ರಲ್ಲಿ ಕುಸಿದಿತ್ತು. ಮತ್ತೆ ಕಟ್ಟಿ 2007ರಲ್ಲಿ ತೆರೆದರು.

ಶನಿವಾರ: ದಕ್ಷಿಣ ತುದಿ

ನೋತೊದಿಂದ ವೆಂದಿಕಾರಿ, ಮರ್ತ್ಸಮೇಮಿ, ಪೊರ್ತೊಪಾಲೊ, ಪಕೀನೊ, ಮತ್ತೆ ನೋತೊ. ಏರಿಲ್ಲ, ಆದರೆ ದಕ್ಷಿಣದಿಂದ ಶಿರೋಕೊ ಗಾಳಿ. ಬಿಸಿ, ಧೂಳು, ಎದುರಿಗೇ. ಸರದಿಯ ಮೇಲೆ ಒಬ್ಬರ ಹಿಂದೆ ಒಬ್ಬರು ಮರೆ ಹಿಡಿದು ತುಳಿದೆವು.

ವೆಂದಿಕಾರಿಯ ಜೌಗಿನಲ್ಲಿ ಫ್ಲೆಮಿಂಗೊ ಹಕ್ಕಿಗಳಿದ್ದವು. ಅಲ್ಲೂ ಮರ್ತ್ಸಮೇಮಿಯಲ್ಲೂ ಟ್ಯೂನಾ ಮೀನು ಹಿಡಿದು ಸಂಸ್ಕರಿಸುತ್ತಿದ್ದ ಹಳೆಯ ತೊನ್ನಾರಾ ಕಟ್ಟಡಗಳು. ಪಕೀನೊ ಸುತ್ತ ಟೊಮೆಟೊದ ಪ್ಲಾಸ್ಟಿಕ್ ಮನೆಗಳು ಎಕರೆಗಟ್ಟಲೆ. ಚಂದದ ನೋಟವಲ್ಲ, ಆದರೆ ಸೀಮೆಯ ಅನ್ನ ಇದೇ. ಗೇಟಿನ ಹತ್ತಿರ ಕೊಂಡ ಚೆರ್ರಿ ಟೊಮೆಟೊ ಸಿಹಿ, ಸ್ವಲ್ಪ ಉಪ್ಪು.

ಪೊರ್ತೊಪಾಲೊ ದಾಟಿ ಮರಳಿನ ದಾರಿಯ ಕೊನೆಗೆ ಇಸೊಲಾ ದೆಲ್ಲೆ ಕೊರೆಂತಿ. ಸಿಸಿಲಿ ಇಲ್ಲಿ ಮುಗಿಯುತ್ತದೆ. ಟ್ಯುನಿಸ್ ನಗರಕ್ಕಿಂತಲೂ ಇದು ದಕ್ಷಿಣಕ್ಕಿದೆ. ಪುಟ್ಟ ದ್ವೀಪ, ಅದರ ಮೇಲೆ ದೀಪಸ್ತಂಭ, ಎರಡು ಕಡೆಯಿಂದ ಬರುವ ಅಲೆಗಳು ನಡುವಿನ ಕಿರುದಾರಿಯ ಮೇಲೆ ಬಡಿಯುತ್ತಿದ್ದವು. ಶೂ ಬಿಚ್ಚಿ ಕಾಲು ನೆನೆಸಿ, ಗಾಳಿ ಬೆನ್ನಿಗೆ ಮಾಡಿಕೊಂಡು ತಿರುಗಿದೆವು. ಪಕೀನೊಗೆ ಮೊದಲು ರೈಲಿತ್ತು, ಅದು ನಿಂತು ದಶಕಗಳಾದವು. ನೋತೊವರೆಗೂ ತುಳಿಯಲೇಬೇಕು. ಬೆನ್ನುಗಾಳಿಯಲ್ಲಿ ಅದು ಒಂದು ತಾಸಿನ ಕೆಲಸ.

ಕಟಾನಿಯಾ ಕಡೆಯ ರೈಲಿನಲ್ಲಿ ಭಾವ ಕೇಳಿದರು. "ಒಂದೇ ದಿನ ಇರೋರಿಗೆ ಯಾವ ರಸ್ತೆ ಹೇಳ್ತೀಯ?" ಮಂಗಳವಾರದ್ದು ಅಂದೆ. ನಿಕೊಲೋಸಿಯಿಂದ ರಂದಾತ್ಸೊ, ಸುಮಾರು 65 ಕಿಲೋಮೀಟರ್. ಕಟಾನಿಯಾದ ಕಡೆಗೆ ವಾಪಸು ಬರಲು ಸಣ್ಣ ರೈಲಿದೆ, ಆದರೆ ಭಾನುವಾರ ಓಡುವುದಿಲ್ಲ, ಎಲ್ಲಿಯವರೆಗೆ ಹೋಗುತ್ತದೆ, ಸೈಕಲ್ ಹತ್ತಿಸುತ್ತಾರಾ ಅಂತ ಮೊದಲೇ ಕೇಳಿಕೊಳ್ಳಬೇಕು. ಭಾವ ಒಪ್ಪಲಿಲ್ಲ. ಮಾರೆನೇವೆಯ ಪೈನ್ ಕಾಡು, 2002ರ ಲಾವಾ, ಆ ಇಳಿಜಾರು, ಕೊನೆಗೆ ನೂರು ಕುದುರೆಗಳ ಮರ, ಇಷ್ಟೂ ಒಂದೇ ರಸ್ತೆಯಲ್ಲಿ ಇರುವಾಗ ಪಿಸ್ತಾ ತೋಟ ಯಾರಿಗೆ ಬೇಕು ಅಂದರು. "ಆ ರೈತರ ಪಿಸ್ತಾ ಪೂರ್ತಿ ಮುಗಿಸಿದ್ದು ನೀವೇ ಅಲ್ವಾ ಭಾವ?" ಅಂದೆ. ರೈಲು ಕಟಾನಿಯಾ ಸೇರುವವರೆಗೂ ಚರ್ಚೆ ನಡೆದೇ ಇತ್ತು.